ಮೇಲಿನಿಂದ ತೆಗೆದ ಚಿತ್ರದಲ್ಲಿ ನೆಲ ಓದುವುದು ಹೇಗೆ? ಹುಬ್ಬಳ್ಳಿ, ಗದಗ, ಹಾವೇರಿ ಸೀಮೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಡ್ರೋನ್ ಫೋಟೊ ಆಗಲಿ, ಗೂಗಲ್ ಅರ್ಥ್ ಚಿತ್ರ ಆಗಲಿ, ತೆರೆದ ಕೂಡಲೇ ನಾವೆಲ್ಲ ಮಾಡುವ ಕೆಲಸ ಒಂದೇ: ನಮ್ಮ ಮನೆ ಹುಡುಕುವುದು. ಸಿಕ್ಕರೆ ಖುಷಿ, ಅಲ್ಲಿಗೆ ಮುಗೀತು. ಆದರೆ ಯಾವ ಹೊಲದಲ್ಲಿ ಹಿಂಗಾರಿ ಬೆಳೆ ನಿಂತಿದೆ, ಯಾವ ಕೆರೆ ಬತ್ತಿದೆ, ಹಳ್ಳ ಮೊದಲು ಎಲ್ಲಿ ಹರಿಯುತ್ತಿತ್ತು ಅನ್ನುವುದೆಲ್ಲ ಅದೇ ಚಿತ್ರದಲ್ಲಿ ಇರುತ್ತದೆ. ಓದಲು ಬರಬೇಕು, ಅಷ್ಟೇ. 1966ರಲ್ಲಿ ಡೆಹ್ರಾಡೂನಿನಲ್ಲಿ ನೆದರ್ಲೆಂಡ್ಸ್ ದೇಶದ ನೆರವಿನಿಂದ ಈ ವಿದ್ಯೆಗೆಂದೇ ಒಂದು ಸಂಸ್ಥೆ ಶುರುವಾಯಿತು. ಈಗ ಅದು ಇಸ್ರೋ ಅಡಿಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ರಿಮೋಟ್ ಸೆನ್ಸಿಂಗ್. ಇಂಥ ಕಡೆ ಕಲಿಸುವ ಮೂಲ ಪಾಠಗಳನ್ನೇ ನಮ್ಮ ಎರೆ ಹೊಲ, ಮಸಾರಿ ಹೊಲ, ಕೆರೆ, ಗುಡ್ಡಗಳ ಮೇಲೆ ಹೇಗೆ ಬಳಸುವುದು ಅಂತ ಇಲ್ಲಿ ಬರೆದಿದ್ದೇನೆ.

ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ. ಹೆಸರು ಕೊನೆಗೆ ಹೇಳಿ. ಕಪ್ಪಗೆ ಕಂಡ ಕೂಡಲೇ "ನೀರು" ಅನ್ನಬೇಡಿ. "ಕಪ್ಪಗಿದೆ, ಚೌಕವಾಗಿದೆ, ಅಂಚು ಎತ್ತರವಿದೆ, ಹೊಲದ ಮೂಲೆಯಲ್ಲಿದೆ" ಅಂತ ಬರೆದುಕೊಳ್ಳಿ. ಕಣ್ಣಿಗೆ ಬೇಕಾದ ಸಾಕ್ಷಿಗಳು ಎಂಟು: ಬಣ್ಣ, ಆಕಾರ, ಗಾತ್ರ, ನೆರಳು, ಮೇಲ್ಮೈಯ ನಯ ಅಥವಾ ಒರಟು, ಸಾಲು ಮತ್ತು ವಿನ್ಯಾಸ, ಇರುವ ಜಾಗ, ಸುತ್ತಲಿನ ನೆರೆಹೊರೆ. ಇವುಗಳಲ್ಲಿ ಮೂರಾದರೂ ಒಂದೇ ಮಾತು ಹೇಳಿದರೆ ಮಾತ್ರ ಹೆಸರಿಡಿ. ಬಣ್ಣವೊಂದನ್ನೇ ನಂಬಿದವರು ಪದೇ ಪದೇ ಕೆಡುತ್ತಾರೆ.

ಹಂತ 1: ಚಿತ್ರ ಆರಿಸಿಕೊಳ್ಳಿ

ಕಲಿಯುವುದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ, ಉಚಿತ. ಅದರಲ್ಲಿ ಗಡಿಯಾರದ ಗುರುತು ಒತ್ತಿದರೆ ಹಳೆಯ ವರ್ಷಗಳ ಚಿತ್ರಗಳೂ ಬರುತ್ತವೆ. ಉಪಗ್ರಹ ಚಿತ್ರ ನೋಡಲು ಇಸ್ರೋದ ಭುವನ್ ತಾಣವಿದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳೂ ಉಚಿತವಾಗಿ ಸಿಗುತ್ತವೆ.

ಇವುಗಳ ಸ್ವಭಾವ ಬೇರೆ ಬೇರೆ. ಗೂಗಲ್ ಅರ್ಥ್‌ನಲ್ಲಿ ಎತ್ತಿನ ಗಾಡಿಯೂ ಕಂಡೀತು, ಆದರೆ ಚಿತ್ರ ಯಾವಾಗಲೋ ಒಮ್ಮೆ ಬದಲಾಗುತ್ತದೆ. ಸೆಂಟಿನೆಲ್-2ರ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಮನೆ ಕಾಣಲ್ಲ, ಹೊಲ ಕಾಣುತ್ತದೆ. ಆದರೆ ಕೆಲವೇ ದಿನಕ್ಕೊಮ್ಮೆ ಹೊಸ ಚಿತ್ರ. ಬೆಳೆ ನೋಡಬೇಕಾದರೆ ಇದು, ಕಟ್ಟಡ ನೋಡಬೇಕಾದರೆ ಅದು. ಒಂದು ವಸ್ತು ಹತ್ತಾರು ಚುಕ್ಕೆಗಳಷ್ಟು ದೊಡ್ಡದಿದ್ದರೆ ಮಾತ್ರ ಆಕಾರ ಗೊತ್ತಾಗುತ್ತದೆ. ಹಾಗಾಗಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಉಪಗ್ರಹ ಚಿತ್ರದಲ್ಲಿ ಎಣಿಸುತ್ತೇನೆ ಅಂತ ಕೂರಬೇಡಿ. ಕೆರೆ ಎಷ್ಟು ತುಂಬಿದೆ ಅಂತ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ನಿಮ್ಮದೇ ಡ್ರೋನ್ ಇದ್ದರೆ ಹಾರಿಸುವ ಮುಂಚೆ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಹುಬ್ಬಳ್ಳಿ ವಿಮಾನ ನಿಲ್ದಾಣದ ಸುತ್ತ ನಿರ್ಬಂಧವಿದೆ.

ಮೊದಲ ಅಭ್ಯಾಸಕ್ಕೆ ನಿಮ್ಮ ಊರನ್ನೇ ತೆಗೆದುಕೊಳ್ಳಿ. ಗೊತ್ತಿರುವ ನೆಲ ಮೇಲಿನಿಂದ ಹೇಗೆ ಕಾಣುತ್ತದೆ ಅಂತ ಗೊತ್ತಾದ ಮೇಲೆ ಗೊತ್ತಿಲ್ಲದ ನೆಲಕ್ಕೆ ಹೋಗಿ.

ಹಂತ 2: ತಾರೀಖು, ದಿಕ್ಕು, ಅಳತೆ

ಏನನ್ನೂ ಗುರುತಿಸುವ ಮೊದಲು ಚಿತ್ರದ ತಾರೀಖು ಬರೆದುಕೊಳ್ಳಿ. ತಿಂಗಳು ಗೊತ್ತಿಲ್ಲದೆ ಹೊಲ ಓದುವುದು ವ್ಯರ್ಥ. ಆಮೇಲೆ ಉತ್ತರ ಯಾವ ಕಡೆ ಇದೆ ನೋಡಿ.

ಅಳತೆಗೆ ಕಣ್ಣು ಹೊಂದಿಸಿಕೊಳ್ಳಲು ನಮ್ಮ ಕಡೆ ಒಂದು ಒಳ್ಳೆಯ ಅಳತೆಗೋಲಿದೆ: ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರಂ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದರ ಉದ್ದ 1507 ಮೀಟರ್. ನಿಮ್ಮ ಕೈಯಲ್ಲಿರುವ ಮುದ್ರಿತ ಚಿತ್ರದಲ್ಲಿ ಅದು 15 ಸೆಂಟಿಮೀಟರ್ ಬಂದರೆ, 1 ಸೆಂಟಿಮೀಟರಿಗೆ ಸುಮಾರು 100 ಮೀಟರ್. ಅಂದರೆ 1:10,000 ಪ್ರಮಾಣ. ವಿಮಾನದಿಂದ ತೆಗೆದ ಫೋಟೊ ಆದರೆ ಇನ್ನೊಂದು ದಾರಿಯಿದೆ. ಲೆನ್ಸಿನ ಫೋಕಲ್ ಲೆಂಗ್ತನ್ನು (ಲೆನ್ಸಿನಿಂದ ಫಿಲ್ಮಿನವರೆಗಿನ ದೂರ) ಹಾರಿದ ಎತ್ತರದಿಂದ ಭಾಗಿಸಿ. 152 ಮಿಲಿಮೀಟರ್ ಲೆನ್ಸ್, ನೆಲದಿಂದ 1520 ಮೀಟರ್ ಎತ್ತರ ಅಂದರೆ ಅದೇ 1:10,000.

ಹಳ್ಳಿಯ ಚಿತ್ರದಲ್ಲಿ ರೈಲು ನಿಲ್ದಾಣ ಇರಲ್ಲ, ಅಲ್ವಾ? ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಪಿಚ್ ಸವೆದು ಬಿಳಿ ಪಟ್ಟಿಯಾಗಿರುತ್ತದೆ, ಸುಮಾರು 20 ಮೀಟರ್. ಬಸ್ಸು 11–12 ಮೀಟರ್. ಹೊಸ ಮಾದರಿಯ ರೈಲು ಬೋಗಿ ಸುಮಾರು 24 ಮೀಟರ್. ಒಂದು ಎಕರೆ ಚೌಕವಾಗಿದ್ದರೆ ಒಂದು ಬದಿ 64 ಮೀಟರ್ ಹತ್ತಿರ. ಈ ನಾಲ್ಕು ಅಂಕಿ ನೆನಪಿದ್ದರೆ ಸಾಕು.

ಹಂತ 3: ನೆರಳು ನೋಡಿ

ಇಲ್ಲಿ ಸ್ವಲ್ಪ ನಿಲ್ಲೋಣ. ಹೊಸಬರು ಜಾಸ್ತಿ ದಾರಿ ತಪ್ಪುವುದು ಇಲ್ಲೇ.

ಮೇಲಿನಿಂದ ನೋಡಿದಾಗ ಕಂಬ ಒಂದು ಚುಕ್ಕೆ, ಗೋಪುರ ಒಂದು ಚೌಕ. ಅವುಗಳ ನಿಜವಾದ ರೂಪ ನೆಲದ ಮೇಲೆ ಬಿದ್ದ ನೆರಳಿನಲ್ಲಿದೆ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನೋಡಿ. ಕಂಬ ಸರಿಯಾಗಿ ಕಾಣುವುದೇ ಇಲ್ಲ. ನೆರಳಿನಲ್ಲಿ ಮಾತ್ರ ಉದ್ದದ ಕಂಬ, ಮೂರು ರೆಕ್ಕೆ ಸ್ಪಷ್ಟ. ಪಕ್ಕದಲ್ಲಿ ಸಮತಟ್ಟು ಮಾಡಿದ ಒಂದು ತುಂಡು ಜಾಗ, ಅಲ್ಲಿಗೆ ಬರುವ ಮಣ್ಣಿನ ದಾರಿ, ಗುಡ್ಡದ ನೆತ್ತಿಯುದ್ದಕ್ಕೂ ಅಂಥವೇ ಇನ್ನಷ್ಟು. ನೆರಳು, ಜಾಗ, ನೆರೆಹೊರೆ ಮೂರೂ ಕೂಡಿದವು. ಈಗ "ಗಾಳಿಯಂತ್ರ" ಅನ್ನಬಹುದು.

ನೆರಳಿನಿಂದ ಎತ್ತರವೂ ಸಿಗುತ್ತದೆ. ಒಂದೇ ಚಿತ್ರದಲ್ಲಿ 12 ಮೀಟರ್ ಎತ್ತರದ ಕಟ್ಟಡದ ನೆರಳು 8 ಮೀಟರ್ ಇದ್ದರೆ, ಎತ್ತರ ಅಂದರೆ ನೆರಳಿನ ಒಂದೂವರೆ ಪಟ್ಟು. ಆಗ 54 ಮೀಟರ್ ನೆರಳಿನ ಕಂಬ 81 ಮೀಟರ್. ನೆಲ ಸಮತಟ್ಟಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ನವಲಗುಂದದ ಬಯಲಿನಲ್ಲಿ ಸರಿ ಬರುತ್ತದೆ, ಗುಡ್ಡದ ಇಳಿಜಾರಿನಲ್ಲಿ ಕೈಕೊಡುತ್ತದೆ.

ಈಗ ಕಣ್ಣಿನ ಮೋಸ. ಬೆಳಕು ಯಾವಾಗಲೂ ಮೇಲಿನಿಂದ ಬೀಳುತ್ತದೆ ಅಂತ ನಮ್ಮ ಕಣ್ಣು ನಂಬಿಕೊಂಡಿದೆ. ಆದರೆ ಉಪಗ್ರಹಗಳು ಹೆಚ್ಚಾಗಿ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ನಮ್ಮ ಮೇಲೆ ಹಾಯುತ್ತವೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ. ನೆರಳು ವಾಯವ್ಯಕ್ಕೆ, ಅಂದರೆ ಚಿತ್ರದ ಮೇಲ್ಗಡೆ ಎಡಮೂಲೆಗೆ ಬೀಳುತ್ತದೆ. ಕಣ್ಣಿಗೆ ಇದು ತಲೆಕೆಳಗು. ಹಾಗಾಗಿ ಗುಂಡಿ ದಿಬ್ಬವಾಗಿ, ಕಣಿವೆ ಗುಡ್ಡವಾಗಿ ಕಾಣುತ್ತದೆ. ಲಕ್ಕುಂಡಿಯ ಮುಸುಕಿನ ಬಾವಿಯನ್ನು ಹುಡುಕಿ ನೋಡಿ. ಕೆಳಗಿಳಿಯುವ ಮೆಟ್ಟಿಲುಗಳು ಮೇಲೆದ್ದ ಜಗಲಿಯ ಹಾಗೆ ಕಂಡರೆ ಗಾಬರಿಯಾಗಬೇಡಿ. ಕಲ್ಲು ಕ್ವಾರಿಗಳದ್ದೂ ಇದೇ ಕಥೆ.

ಪರಿಹಾರ ಸುಲಭ. ನೆರಳು ನಿಮ್ಮ ಕಡೆ ಬೀಳುವ ಹಾಗೆ ಚಿತ್ರವನ್ನು ತಿರುಗಿಸಿ. ಗೂಗಲ್ ಅರ್ಥ್ ಪ್ರೊದಲ್ಲಿ ಬಲಮೇಲ್ಮೂಲೆಯ ದಿಕ್ಸೂಚಿ ಬಳೆಯನ್ನು ಎಳೆದು ದಕ್ಷಿಣವನ್ನು ಮೇಲೆ ತನ್ನಿ. ಗುಂಡಿ ಮತ್ತೆ ಗುಂಡಿಯಾಗುತ್ತದೆ. ಎನ್ ಕೀಲಿ ಒತ್ತಿದರೆ ಉತ್ತರ ವಾಪಸ್ ಮೇಲೆ ಬರುತ್ತದೆ.

ಇನ್ನೊಂದು ಮಾತು. ಹುಬ್ಬಳ್ಳಿಯ ಅಕ್ಷಾಂಶ 15 ಡಿಗ್ರಿ ದಾಟಿದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ಮಧ್ಯಾಹ್ನ ಡ್ರೋನ್ ಹಾರಿಸಿದರೆ ನೆರಳೇ ಇರುವುದಿಲ್ಲ. ಛಾವಣಿ ಎಣಿಸಲು ಅದು ಒಳ್ಳೆಯದು, ಎತ್ತರ ತಿಳಿಯಲು ಅಲ್ಲ. ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ತಿರುಗುತ್ತದೆ.

ಹಂತ 4: ನೀರಿನಿಂದ ಶುರು ಮಾಡಿ

ನಮ್ಮದು ಬಯಲು ಸೀಮೆ. ಇಲ್ಲಿ ಊರು, ಹೊಲ, ಗಿಡ ಎಲ್ಲ ನೀರಿನ ಲೆಕ್ಕದಲ್ಲೇ ಕೂತಿವೆ. ಹಾಗಾಗಿ ಮೊದಲು ಹಳ್ಳ, ಕೆರೆ, ಕಾಲುವೆ ಹುಡುಕಿ. ಇಳಿಜಾರು ಯಾವ ಕಡೆ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ನೀರಿನ ಬಣ್ಣ ನಂಬುವಂಥದ್ದಲ್ಲ. ಆಳದ ತಿಳಿನೀರು ಕಪ್ಪು, ಕೆಸರು ನೀರು ಕಂದು, ಪಾಚಿ ಕಟ್ಟಿದ ಕೆರೆ ಹುಲ್ಲುಗಾವಲಿನ ಹಸಿರು. ಸೂರ್ಯನ ಬೆಳಕು ನೇರ ಕ್ಯಾಮೆರಾಕ್ಕೆ ಹೊಡೆದರೆ ಬೆಳ್ಳಿಯ ತಗಡು. ಆಕಾರವನ್ನು ಹಿಡಿಯಿರಿ. ಕೆರೆಯ ಒಂದು ಬದಿ ನೇರವಾಗಿ ಅಥವಾ ಬಿಲ್ಲಿನಂತೆ ಬಾಗಿ, ಕೊರೆದಿಟ್ಟ ಹಾಗೆ ಇರುತ್ತದೆ. ಅದು ಏರಿ. ಎದುರು ಬದಿ ಹರಿದ ಬಟ್ಟೆಯ ಅಂಚಿನಂತೆ ಚೂರು ಚೂರು. ಅಲ್ಲಿಂದ ನೀರು ಒಳಗೆ ಬರುತ್ತದೆ. ಏರಿಯ ಹಿಂದೆ ಬೇಸಿಗೆಯಲ್ಲೂ ಹಸಿರು ಇದ್ದರೆ ಅದು ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಹೊಲಗಳು. ಏರಿಯ ತುದಿಯಲ್ಲಿ ಒಂದು ಸಣ್ಣ ಹಳ್ಳ ಹುಟ್ಟಿದಂತೆ ಕಂಡರೆ ಅಲ್ಲಿ ಕೋಡಿ ಇರಬೇಕು. ಉಣಕಲ್ ಕೆರೆಯಲ್ಲಿ ಏರಿ ಯಾವುದು ಅಂತ ಮೊದಲು ಗುರುತಿಸಿ. ಆಮೇಲೆ ಹಾನಗಲ್ಲ ತಾಲ್ಲೂಕಿಗೆ ಹೋಗಿ, ಅಲ್ಲಿ ಕೆರೆಗಳಿಗೆ ಬರವಿಲ್ಲ.

ಬತ್ತಿದ ಕೆರೆಯೂ ಏರಿಯಿಂದಲೇ ಸಿಕ್ಕಿಬೀಳುತ್ತದೆ. ಒಳಗೆ ಬಳ್ಳಾರಿ ಜಾಲಿ ಬೆಳೆದು ಕಪ್ಪು ಹಸಿರಿನ ಗುಂಪುಗಳಾಗಿರುತ್ತವೆ. ಅದನ್ನು ಕಾಡು ಅಂದುಕೊಳ್ಳಬೇಡಿ.

ಹಳ್ಳಕ್ಕೂ ಕಾಲುವೆಗೂ ವ್ಯತ್ಯಾಸ ಹೀಗೆ. ಹಳ್ಳ ತಗ್ಗು ಹುಡುಕುತ್ತಾ ಅಂಕುಡೊಂಕಾಗಿ ಹೋಗುತ್ತದೆ, ಅಗಲ ಹೆಚ್ಚು ಕಡಿಮೆ ಆಗುತ್ತದೆ. ಬೆಣ್ಣೆಹಳ್ಳದ ಅಕ್ಕಪಕ್ಕ ನೋಡಿದರೆ ಹಳೆಯ ತಿರುವುಗಳ ಗುರುತು ಎರೆ ಮಣ್ಣಿನಲ್ಲಿ ಬೇರೆ ಬಣ್ಣದ ಬಾಗಿದ ಪಟ್ಟಿಗಳಾಗಿ ಉಳಿದಿರಬಹುದು. ಕಾಲುವೆಯ ಅಗಲ ಒಂದೇ ಸಮ. ಪಕ್ಕದಲ್ಲಿ ಒಂದು ದಾರಿ ಜೊತೆಗೇ ಸಾಗುತ್ತದೆ. ಅದು ನೆಲದ ಮಟ್ಟ ಹಿಡಿದು ಹೋಗುವುದರಿಂದ ಹಸಿರು ಹೆಚ್ಚಾಗಿ ಒಂದೇ ಬದಿಗೆ, ಇಳಿಜಾರಿನ ಬದಿಗೆ, ಇರುತ್ತದೆ. ನರಗುಂದ, ನವಲಗುಂದದ ಕಡೆ ಮಲಪ್ರಭಾ ಕಾಲುವೆಗಳಲ್ಲಿ ಇದನ್ನು ನೋಡಿ.

ರಸ್ತೆ, ರೈಲು ಗೊಂದಲವೂ ಹೀಗೇ ಬಗೆಹರಿಯುತ್ತದೆ. ರೈಲು ಹಳಿಗೆ ಥಟ್ಟನೆ ತಿರುಗಲು ಬರಲ್ಲ. ಉದ್ದದ, ಮೆಲ್ಲನೆಯ ಬಾಗು. ಇಕ್ಕೆಲದಲ್ಲಿ ಅಂಗಡಿ ಮುಂಗಟ್ಟು ಇಲ್ಲ. ರಸ್ತೆ ಊರ ಬಾಗಿಲಲ್ಲಿ ತಿರುಗುತ್ತದೆ, ಕವಲೊಡೆಯುತ್ತದೆ.

ಹಂತ 5: ಹೊಲ ಓದುವುದು

ಮಣ್ಣು ಮೊದಲು. ಎರೆ ಭೂಮಿ ಕಡು ಬೂದಿಯಿಂದ ಕಪ್ಪು, ಮಸಾರಿ ಕೆಂಪು ಅಥವಾ ಕಂದು. ಮಳೆ ಬಿದ್ದ ಮರುದಿನ ಎರಡೂ ಒಂದು ಛಾಯೆ ಗಾಢವಾಗುತ್ತವೆ. ಕಪ್ಪತಗುಡ್ಡದ ಬುಡದಿಂದ ಬಯಲಿಗೆ ಇಳಿದಂತೆ ಕೆಂಪು ಕರಗಿ ಕಪ್ಪು ಬರುವುದನ್ನು ಒಂದೇ ಪರದೆಯಲ್ಲಿ ನೋಡಬಹುದು.

ಆಮೇಲೆ ತಿಂಗಳು. ಗದಗ, ರೋಣ, ಅಣ್ಣಿಗೇರಿ ಕಡೆಯ ಎರೆ ಹೊಲದಲ್ಲಿ ಜೂನ್‌ನಲ್ಲಿ ಹೆಸರು ಬಿತ್ತಿದರೆ ಆಗಸ್ಟ್ ಕೊನೆಯ ಹೊತ್ತಿಗೆ ಬಿಡಿಸಿ ಆಗಿರುತ್ತದೆ. ಸೆಪ್ಟೆಂಬರಿನಲ್ಲಿ ಬರೀ ಕಪ್ಪು ನೆಲ. ಅಕ್ಟೋಬರ್ ಹೊತ್ತಿಗೆ ಕಡಲೆ, ಬಿಳಿಜೋಳ, ಕುಸುಬಿ. ಡಿಸೆಂಬರಿನಲ್ಲಿ ಹಸಿರು, ಫೆಬ್ರುವರಿಯಲ್ಲಿ ಹಳದಿ, ಏಪ್ರಿಲ್‌ನಲ್ಲಿ ಮತ್ತೆ ಬೋಳು. ಅಂದರೆ ಸೆಪ್ಟೆಂಬರಿನ ಒಂದು ಚಿತ್ರ ನೋಡಿ "ಇದು ಪಾಳು ಭೂಮಿ" ಅಂದರೆ ರೈತ ನಗುತ್ತಾನೆ. ಇನ್ನೊಂದು ವಿಷಯ: ಮಳೆಗಾಲದಲ್ಲಿ ಮೋಡ ಮುಚ್ಚಿರುವುದರಿಂದ ಗೂಗಲ್ ಅರ್ಥ್‌ನ ಒಳ್ಳೆಯ ಚಿತ್ರಗಳು ಹೆಚ್ಚಾಗಿ ನವೆಂಬರಿನಿಂದ ಮೇವರೆಗಿನವು. ಮುಂಗಾರಿ ಬೆಳೆ ಅದರಲ್ಲಿ ಕಾಣುವುದು ಅಪರೂಪ. ಹಾವೇರಿ ಕಡೆಯ ಗೋವಿನಜೋಳವನ್ನು ಅದರಲ್ಲಿ ಹುಡುಕಿದರೆ ಕೂಳೆ ಸಿಗುವುದೇ ಹೆಚ್ಚು.

ತೋಟಗಳಿಗೆ ಬಣ್ಣಕ್ಕಿಂತ ಸಾಲು ಮುಖ್ಯ. ಮಾವು ದೂರ ದೂರದ ಗುಂಡು ಚುಕ್ಕೆಗಳು. ಹಳೆಯ ತೋಟಗಳಲ್ಲಿ ನಡುವೆ ಸುಮಾರು 10 ಮೀಟರ್. ಅಡಿಕೆ ಒತ್ತೊತ್ತಾಗಿ, 3 ಮೀಟರಿಗೂ ಕಡಿಮೆ ಅಂತರದಲ್ಲಿ. ಮೇಲಿನಿಂದ ಒರಟು ಕಂಬಳಿಯಷ್ಟು ಒಂದೇ ಸಮ, ಬೇಸಿಗೆಯಲ್ಲೂ ಹಸಿರು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ನೀಲಗಿರಿ ನೆಡುತೋಪುಗಳಲ್ಲಿ ಸಾಲು ನೇರ, ಅಂಚು ಕತ್ತರಿಸಿದ ಹಾಗೆ. ಕಲಘಟಗಿ ಕಡೆಯ ಸಾಗವಾನಿ ಕಾಡು ಮಾರ್ಚ್‌ನಲ್ಲಿ ಎಲೆ ಉದುರಿಸಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕಾಡು ಕಡಿದಿದ್ದಾರೆ ಅಂತ ಗುಲ್ಲೆಬ್ಬಿಸುವ ಮೊದಲು ನವೆಂಬರಿನ ಚಿತ್ರ ತೆಗೆದು ನೋಡಿ.

ಭುವನ್ ಅಥವಾ ಸೆಂಟಿನೆಲ್ ಚಿತ್ರದಲ್ಲಿ ಎಲ್ಲ ಕೆಂಪಗೆ ಕಂಡರೆ ಅದು ಫಾಲ್ಸ್ ಕಲರ್. ಹಸಿರೆಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಆ ಬೆಳಕಿಗೆ ಚಿತ್ರದಲ್ಲಿ ಕೆಂಪು ಕೊಟ್ಟಿರುತ್ತಾರೆ. ಕೆಂಪು ಗಾಢವಿದ್ದಷ್ಟೂ ಬೆಳೆ ಸೊಂಪು. ನೀರು ಕಪ್ಪು. ಬೆಳೆಗೂ ಪಾಚಿ ಇಲ್ಲದ ನೀರಿಗೂ ಗೊಂದಲವೇ ಇರುವುದಿಲ್ಲ.

ಒಂದು ಕಪ್ಪು ಚೌಕ

ಇಷ್ಟನ್ನೂ ಕೂಡಿಸಿ ಒಂದು ಲೆಕ್ಕ ಬಿಡಿಸೋಣ. ಮುಂಡರಗಿ ಕಡೆಯ ಒಂದು ಹೊಲ, ಜನವರಿ ತಿಂಗಳು. ಮೂಲೆಯಲ್ಲಿ ಒಂದು ಕಪ್ಪು ಚೌಕ. ಏನಿರಬಹುದು? ಕೃಷಿ ಹೊಂಡ, ಸೋಲಾರ್ ಫಲಕ, ಸುಟ್ಟ ಕೂಳೆ, ಈಗಷ್ಟೇ ನೀರು ಹಾಯಿಸಿದ ಎರೆ. ನಾಲ್ಕೂ ಕಪ್ಪೇ.

ಗಾತ್ರ ಅಳೆಯಿರಿ. ಬದಿ 20 ಮೀಟರ್ ಒಳಗೆ ಬಂದರೆ ಹೊಂಡದ ಕಡೆ ಒಲವು. ಅಂಚು ನೋಡಿ. ಹೊಂಡ ತೋಡಿದ ಮಣ್ಣನ್ನು ಸುತ್ತ ಹಾಕಿರುತ್ತಾರೆ. ಆ ದಿಬ್ಬಕ್ಕೆ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು. ಪ್ಲಾಸ್ಟಿಕ್ ಹೊದಿಸಿದ್ದರೆ ನೀರಿನ ಮೇಲಂಚಿಗೆ ಮಿನುಗುವ ಪಟ್ಟಿ ಇರುತ್ತದೆ, ನೀರು ಕೆಳಗಿಳಿದಂತೆ ಒಳಗೆ ಇನ್ನೊಂದು ಸಣ್ಣ ಚೌಕ. ಸೋಲಾರ್ ಆದರೆ ಹತ್ತಿರ ಹೋದಾಗ ಕಪ್ಪಿನಲ್ಲಿ ನೀಲಿ ಛಾಯೆ. ಫಲಕಗಳು ದಕ್ಷಿಣಕ್ಕೆ ಬಾಗಿರುವುದರಿಂದ ಸಾಲುಗಳು ಪೂರ್ವ–ಪಶ್ಚಿಮ, ನಡುವೆ ಸಮ ಅಂತರ. ಸುಟ್ಟ ಕೂಳೆಗೆ ದಿಬ್ಬವಿಲ್ಲ, ಅಂಚು ಹರಿದಿರುತ್ತದೆ, ಒಳಗೆ ಬೂದಿಯ ಬಿಳಿ ಮಚ್ಚೆ. ನೀರು ಹಾಯಿಸಿದ ಎರೆಯಲ್ಲಿ ಸಾಲುಗಳು ಕಾಣುತ್ತಲೇ ಇರುತ್ತವೆ, ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ. ಅಷ್ಟಕ್ಕೂ ಸಂಶಯ ಉಳಿದರೆ ಬೇರೆ ವರ್ಷಗಳ ಚಿತ್ರ ತೆಗೆಯಿರಿ. ಹೊಂಡ, ಫಲಕ ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಉಳಿದೆರಡು ಮಾಯ.

ಹಂತ 6: ಊರು

ಹಳ್ಳಿಯ ಹಳೆಯ ಭಾಗ ಒತ್ತೊತ್ತು, ಓಣಿ ಸೊಟ್ಟ. ಹೊಸ ಬಡಾವಣೆ ಗೆರೆ ಎಳೆದಂತೆ ನೇರ. ಛಾವಣಿಯಲ್ಲಿ ಮಳೆಯ ನಕ್ಷೆಯೇ ಇದೆ. ಕಲಘಟಗಿ, ಹಾನಗಲ್ಲ ಕಡೆ ಇಳಿಜಾರಿನ ಹಂಚು, ಮೇಲಿನಿಂದ ಕೆಂಪು–ಕಂದು, ನಡುವೆ ಒಂದು ನೆತ್ತಿಗೆರೆ. ನವಲಗುಂದ, ರೋಣ ಕಡೆ ಮಣ್ಣಿನ ಮೇಲ್ಮುದ್ದೆಯ ಚಪ್ಪಟೆ ಮನೆಗಳು, ಸುತ್ತಲ ನೆಲದ ಬಣ್ಣವೇ. ಆರ್‌ಸಿಸಿ ಬೂದು, ತಗಡು ಹೊಳೆಯುತ್ತದೆ.

ಆಕಾರವೇ ಎಲ್ಲ ಹೇಳಿಬಿಡುವ ಕಟ್ಟಡ ಅಪರೂಪ. ಡಂಬಳದ ದೊಡ್ಡಬಸಪ್ಪ ಗುಡಿ ಅಂಥದ್ದು. 24 ಮೂಲೆಗಳ ನಕ್ಷತ್ರಾಕಾರದ ತಳವಿನ್ಯಾಸ, ನೇರ ಮೇಲಿನಿಂದ ನೋಡಲೆಂದೇ ಇರುವಂತಿದೆ. ಉಳಿದವಕ್ಕೆ ನೆರೆಹೊರೆ ಬೇಕು. ಉದ್ದದ ಶೆಡ್ಡುಗಳ ಸಾಲು, ನಡುವೆ ಅಗಲದ ರಸ್ತೆ, ತುಂಬ ಲಾರಿ ಅಂದರೆ ಅಮರಗೋಳದಂಥ ಎಪಿಎಂಸಿ. ದೊಡ್ಡ ಶೆಡ್ಡಿನ ಪಕ್ಕ ಚಳಿಗಾಲದಲ್ಲಿ ಬಿಳಿ ರಾಶಿ ಅಂದರೆ ಹತ್ತಿ ಜಿನ್ನಿಂಗ್ ಇರಬಹುದು. ಹಳ್ಳದ ದಂಡೆಯಲ್ಲಿ ಅಗೆದ ನೆಲ, ಕೆಂಪು ಗೂಡು, ಸುತ್ತ ಕಪ್ಪು ಬೂದಿ ಅಂದರೆ ಇಟ್ಟಂಗಿ ಭಟ್ಟಿ. ಬ್ಯಾಡಗಿಯ ಸುತ್ತ ಫೆಬ್ರುವರಿಯಲ್ಲಿ ಕಡುಗೆಂಪು ಆಯತಗಳು ಕಂಡರೆ ಮೆಣಸಿನಕಾಯಿ ಒಣಹಾಕಿದ್ದಾರೆ. ಜುಲೈನಲ್ಲಿ ಅದೇ ಜಾಗ ಖಾಲಿ.

ಡ್ರೋನ್ ಫೋಟೊದಲ್ಲಿ ಕಟ್ಟಡಗಳು ಚಿತ್ರದ ನಡುವಿನಿಂದ ಹೊರಕ್ಕೆ ವಾಲಿದಂತೆ ಕಾಣುತ್ತವೆ. ಅಂಚಿಗೆ ಹೋದಷ್ಟೂ ವಾಲುವುದು ಜಾಸ್ತಿ. ಈ ವಾಲಿಕೆಯೇ ಬೇರೆ, ನೆರಳೇ ಬೇರೆ. ಅಳೆಯುವುದಾದರೆ ಯಾವಾಗಲೂ ಬುಡದಿಂದ ಬುಡಕ್ಕೆ ಅಳೆಯಿರಿ.

ಹಂತ 7: ಎರಡು ಚಿತ್ರದಿಂದ ಎತ್ತರ

ವಿಮಾನದ ಫೋಟೊಗಳನ್ನು ಒಂದರ ಮೇಲೊಂದು ಸುಮಾರು 60 ಪ್ರತಿಶತ ಕೂಡುವಂತೆ ತೆಗೆಯುತ್ತಾರೆ. ಒಂದೇ ಜಾಗ ಎರಡು ಕೋನದಿಂದ ಸಿಗುತ್ತದೆ. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ತೋರಿಸಿದರೆ ನೆಲ ಉಬ್ಬಿ ನಿಲ್ಲುತ್ತದೆ. ಇದಕ್ಕೆ ಪಾಕೆಟ್ ಸ್ಟೀರಿಯೋಸ್ಕೋಪ್ ಅನ್ನುವ ಸಣ್ಣ ಸಾಧನವಿದೆ. ಇಲ್ಲದಿದ್ದರೆ ಡ್ರೋನಿನಿಂದ ನೇರ ಕೆಳಗೆ ನೋಡುತ್ತಾ, ಸ್ವಲ್ಪ ಸರಿದು ಎರಡು ಫೋಟೊ ತೆಗೆಯಿರಿ. ಒಂದೇ ಮರ ಎರಡರಲ್ಲೂ 6 ಸೆಂಟಿಮೀಟರ್ ಅಂತರದಲ್ಲಿ ಬರುವಂತೆ ಮುದ್ರಿಸಿ, ನಡುವೆ ಒಂದು ರಟ್ಟು ನಿಲ್ಲಿಸಿ, ದೂರದ ಗೋಡೆ ನೋಡುವ ಹಾಗೆ ಕಣ್ಣು ಸಡಿಲಿಸಿ. ಕೆಲವರಿಗೆ ಕೂಡಲೇ ಬರುತ್ತದೆ, ಕೆಲವರಿಗೆ ದಿನ ಹಿಡಿಯುತ್ತದೆ. ಎಡ–ಬಲ ಅದಲು ಬದಲಾದರೆ ಬಾವಿ ಗೋಪುರವಾಗುತ್ತದೆ.

ಹಂತ 8: ನೆಲಕ್ಕೆ ಹೋಗಿ ತಾಳೆ ನೋಡಿ

ಹೋಗುವ ಮೊದಲು ಎರಡು ಸಣ್ಣ ಮೋಸಗಳನ್ನು ಬೇರೆ ಮಾಡಿಡಿ. ಕಪ್ಪು ಮಚ್ಚೆಯ ಪಕ್ಕದಲ್ಲಿ ಅದೇ ಆಕಾರದ ಬಿಳಿ ಮಚ್ಚೆ ಇದ್ದರೆ ಅದು ಮೋಡ ಮತ್ತು ಅದರ ನೆರಳು. ಹೊಲದ ನಡುವೆ ನೇರ ಗೆರೆಯಲ್ಲಿ ಬಣ್ಣ ಥಟ್ಟನೆ ಬದಲಾದರೆ ಅದು ಬೇರೆ ತಾರೀಖಿನ ಚಿತ್ರ ಜೋಡಿಸಿದ ಹೊಲಿಗೆ. ಅಲ್ಲಿ ಬದು ಹುಡುಕಬೇಡಿ.

ಗುರುತಿಸಿದ ಪ್ರತಿಯೊಂದರ ಮುಂದೆ "ಖಚಿತ", "ಬಹುಶಃ", "ಗೊತ್ತಿಲ್ಲ" ಅಂತ ಬರೆಯಿರಿ. ಖಚಿತ ಅಂದದ್ದರಲ್ಲೂ ಕೆಲವನ್ನು ಆರಿಸಿಕೊಂಡು ಹೋಗಿ ನೋಡಬೇಕು. ತಪ್ಪು ಅಲ್ಲೇ ಅಡಗಿರುತ್ತದೆ. ಚಿತ್ರ ತೆಗೆದ ತಿಂಗಳಲ್ಲೇ ಹೋಗಿ. ಮೊಬೈಲಿನಲ್ಲಿ ಲೊಕೇಶನ್ ಹಾಕಿಕೊಂಡು ಫೋಟೊ ತೆಗೆಯಿರಿ, ಯಾವ ದಿಕ್ಕಿಗೆ ಮುಖ ಮಾಡಿದ್ದಿರಿ ಅಂತ ಬರೆಯಿರಿ. ಹೊಲದವರು ಸಿಕ್ಕರೆ ಈಗ ಏನಿದೆ ಅಂತ ಕೇಳಿ ಪ್ರಯೋಜನವಿಲ್ಲ, ಅದು ನಿಮಗೇ ಕಾಣುತ್ತದೆ. "ಯಜಮಾನರ, ಹ್ವಾದ ವರ್ಷ ಬನದ ಹುಣ್ಣಿವಿ ಹೊತ್ತಿಗೆ ಇಲ್ಲಿ ಏನ್ ಇತ್ರೀ?" ಅಂತ ಕೇಳಿ. ತಾರೀಖಿಗಿಂತ ಹಬ್ಬ ಹುಣ್ಣಿಮೆ ಹಿಡಿದು ಕೇಳಿದರೆ ಉತ್ತರ ಕರಾರುವಾಕ್ಕಾಗಿ ಬರುತ್ತದೆ.

ಬಂದ ಮೇಲೆ ಒಂದು ವಹಿ ಮಾಡಿಡಿ. ಒಂದು ಪುಟಕ್ಕೆ ಒಂದು ವಸ್ತು. ಎಡಗಡೆ ಮೇಲಿನ ಚಿತ್ರದ ತುಂಡು, ಬಲಗಡೆ ನೆಲದ ಫೋಟೊ, ಕೆಳಗೆ ತಿಂಗಳು ಮತ್ತು ಎಂಟು ಸಾಕ್ಷಿಗಳಲ್ಲಿ ಯಾವುದು ಕೈಹಿಡಿಯಿತು ಅನ್ನುವುದು. ವಹಿ ಸ್ವಲ್ಪ ತುಂಬಿದ ಮೇಲೆ ಕಲಘಟಗಿಯಿಂದ ಹುಬ್ಬಳ್ಳಿ, ಅಣ್ಣಿಗೇರಿ ದಾಟಿ ಗದಗಿನವರೆಗೆ ಒಂದು ಉದ್ದದ ಪಟ್ಟಿ ತೆಗೆದುಕೊಳ್ಳಿ. ಹಂಚು ಎಲ್ಲಿ ಮುಗಿಯಿತು, ಮೇಲ್ಮುದ್ದೆ ಎಲ್ಲಿ ಶುರುವಾಯಿತು, ಕಾಡು ಎಲ್ಲಿ ನಿಂತಿತು, ಎರೆ ಎಲ್ಲಿಂದ ಹರಡಿತು ಅಂತ ನಾಲ್ಕು ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಹುಬ್ಬಳ್ಳಿ–ಗದಗ ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿ ಪಕ್ಕ ಕೂತು, ಗೆರೆ ಸರಿಯಿದೆಯಾ ನೋಡುತ್ತಾ ಹೋಗಿ.